ಆಸ್ಟ್ರೋಸ್ಯಾಟ್ ದತ್ತಾಂಶಕ್ಕೆ ತಂತ್ರಾಂಶ ಹಾಕಿಕೊಳ್ಳುವುದು: ಓದುಗರ ಪ್ರಶ್ನೆಗಳು

ಭಾರತದ ಖಗೋಳ ವೀಕ್ಷಣಾ ಉಪಗ್ರಹವಾದ ಆಸ್ಟ್ರೋಸ್ಯಾಟ್‌ನ ದತ್ತಾಂಶವನ್ನು ತಮ್ಮ ಕಂಪ್ಯೂಟರಿನಲ್ಲೇ ಸಂಸ್ಕರಿಸಲು ಹೊರಟ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಾನು ಭೌತಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಆಸ್ಟ್ರೋಸ್ಯಾಟ್‌ನ ಮೃದು ಕ್ಷ-ಕಿರಣ ದೂರದರ್ಶಕವಾದ ಎಸ್‌ಎಕ್ಸ್‌ಟಿಯ ದತ್ತಾಂಶವನ್ನು ಕಿರುಯೋಜನೆಗಾಗಿ ಪಡೆದಿದ್ದೇನೆ. ಮೊದಲು ಹೀಸಾಫ್ಟ್ ಹಾಕಿಕೊಳ್ಳಬೇಕೆಂದು ಮಾರ್ಗದರ್ಶಕರು ಹೇಳಿದರು. ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿ ‘ಮೇಕ್’ ಆದೇಶ ಬಹಳ ಹೊತ್ತು ನಡೆದು, ಕೊನೆಗೆ ‘ಎರರ್ 2’ ಎಂದು ತೋರಿಸಿ ನಿಂತುಬಿಡುತ್ತದೆ. ಇದೇ ಲ್ಯಾಪ್‌ಟಾಪಿನಲ್ಲಿ ಪೈಥಾನ್ ತಂತ್ರಾಂಶ ಸಂಗ್ರಹವಾದ ಅನಕೊಂಡಾ ಕೂಡ ಇದೆ. ನಮ್ಮ ದೇಶದ ಉಪಗ್ರಹಕ್ಕೆ ನಾಸಾದ ತಂತ್ರಾಂಶ ಏಕೆ ಬೇಕು ಎಂಬುದನ್ನೂ ತಿಳಿಸಿ. — ಓದುಗರೊಬ್ಬರು, ಧಾರವಾಡ

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಏನನ್ನು ಏತಕ್ಕಾಗಿ ಹಾಕಿಕೊಳ್ಳುತ್ತಿದ್ದೇವೆ ಎಂಬುದು ತಿಳಿದಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕುವುದು ಸುಲಭವಾಗುತ್ತದೆ. 2015ರ ಸೆಪ್ಟೆಂಬರ್ 28ರಂದು ಪಿಎಸ್‌ಎಲ್‌ವಿ-ಸಿ30 ರಾಕೆಟ್ಟು ಶ್ರೀಹರಿಕೋಟಾದಿಂದ ಕಕ್ಷೆಗೆ ಸೇರಿಸಿದ ಆಸ್ಟ್ರೋಸ್ಯಾಟ್‌ನಲ್ಲಿ ಹಲವು ಉಪಕರಣಗಳಿದ್ದು, ಪ್ರತಿಯೊಂದಕ್ಕೂ ಬೇರೆ ಬೇರೆ ತಂತ್ರಾಂಶವಿದೆ. ಎಸ್‌ಎಕ್ಸ್‌ಟಿ ಮತ್ತು ಲ್ಯಾಕ್ಸ್‌ಪಿಸಿ ಎಂಬ ಕ್ಷ-ಕಿರಣ ಉಪಕರಣಗಳ ತಂತ್ರಾಂಶ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡಗಳಿಂದ ಬಂದಿದೆ; ಇವುಗಳ ಜೊತೆಗೆ ಸಿಜ಼ಡ್‌ಟಿಐ ಎಂಬ ಇನ್ನೊಂದು ಕ್ಷ-ಕಿರಣ ಉಪಕರಣದ ತಂತ್ರಾಂಶವನ್ನೂ ಪುಣೆಯ ಖಗೋಳ ವಿಜ್ಞಾನ ಕೇಂದ್ರವಾದ ಅಯೂಕಾದಲ್ಲಿರುವ ಆಸ್ಟ್ರೋಸ್ಯಾಟ್ ವಿಜ್ಞಾನ ಬೆಂಬಲ ಘಟಕ ಒದಗಿಸುತ್ತದೆ. ಈ ತಂತ್ರಾಂಶಗಳು ಉಪಕರಣದ ಮೂಲ ದಾಖಲೆಯನ್ನು ಶುದ್ಧಗೊಳಿಸಿ ‘ಫಿಟ್ಸ್’ ಎಂಬ ಖಗೋಳ ವಿಜ್ಞಾನದ ಸಾಮಾನ್ಯ ಕಡತರೂಪದಲ್ಲಿ ಇಡುತ್ತವೆ. ಅಲ್ಲಿಂದ ಮುಂದೆ ಫೋಟಾನುಗಳನ್ನು ಆರಿಸಿ ರೋಹಿತವನ್ನು ತೆಗೆಯುವ ಎಕ್ಸ್‌ಸೆಲೆಕ್ಟ್, ಕಾಲದೊಡನೆ ಬದಲಾಗುವ ಹೊಳಪನ್ನು ಪರೀಕ್ಷಿಸುವ ಎಕ್ಸ್‌ರೋನೋಸ್, ರೋಹಿತಕ್ಕೆ ಭೌತಿಕ ಮಾದರಿಯನ್ನು ಹೊಂದಿಸುವ ಎಕ್ಸ್‌ಸ್ಪೆಕ್ ಇವೆಲ್ಲ ಯಾವ ದೇಶದ ಉಪಗ್ರಹಕ್ಕಾದರೂ ಒಂದೇ. ಅವುಗಳ ಸಂಗ್ರಹವೇ ನಾಸಾದ ಗೊಡಾರ್ಡ್ ಕೇಂದ್ರವು ಉಚಿತವಾಗಿ ಹಂಚುವ ಹೀಸಾಫ್ಟ್. ದಶಕಗಳಿಂದ ಸಾವಿರಾರು ಕೈಗಳಲ್ಲಿ ಪರೀಕ್ಷೆಗೊಳಗಾದ ತಂತ್ರಾಂಶಗಳನ್ನು ಬಿಟ್ಟು ಹೊಸದಾಗಿ ಬರೆಯದಿರುವುದು ಸರಿಯಾದ ತೀರ್ಮಾನವೆಂದೇ ನಾನು ಭಾವಿಸುತ್ತೇನೆ.

ಈಗ ನಿಮ್ಮ ‘ಎರರ್ 2’ ವಿಚಾರ. ಆ ಸಾಲಿನಿಂದ ತಿಳಿಯುವುದು ಒಳಗಿನ ಯಾವುದೋ ಒಂದು ಹಂತ ವಿಫಲವಾಗಿದೆ ಎಂಬುದಷ್ಟೇ. ಕಾರಣ ಅದರಲ್ಲಿ ಇರುವುದಿಲ್ಲ. ನಿಜವಾದ ಕಾರಣ ಅದಕ್ಕಿಂತ ನೂರಾರು ಸಾಲು ಮೇಲೆ, ‘ಎರರ್’ ಎಂಬ ಪದ ಮೊದಲ ಬಾರಿಗೆ ಕಾಣಿಸುವಲ್ಲಿ ಇರುತ್ತದೆ. ಆದ್ದರಿಂದ ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಈ ಮೂರು ಹಂತಗಳಲ್ಲಿ ತೆರೆಯ ಮೇಲೆ ಬರುವುದೆಲ್ಲವನ್ನೂ ‘ಟೀ’ ಆದೇಶದ ಮೂಲಕ ಬೇರೆ ಬೇರೆ ಕಡತಗಳಿಗೆ ಉಳಿಸಿಕೊಳ್ಳಿ. ಯಾರ ನೆರವು ಕೇಳುವುದಾದರೂ ತೆರೆಯ ಛಾಯಾಚಿತ್ರದ ಬದಲು ಆ ಕಡತಗಳನ್ನೇ ಕಳುಹಿಸಿ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಅನಕೊಂಡಾ. ಅದು ಟರ್ಮಿನಲ್ ತೆರೆದ ಕೂಡಲೇ ತನ್ನದೇ ಪೈಥಾನ್, ತನ್ನದೇ ಲೈಬ್ರರಿಗಳು, ಕೆಲವೊಮ್ಮೆ ತನ್ನದೇ ಕಂಪೈಲರ್ ಇವನ್ನೆಲ್ಲ ಹುಡುಕುವ ದಾರಿಯ ಮುಂಭಾಗದಲ್ಲಿ ತಂದಿಡುತ್ತದೆ. ಹೀಸಾಫ್ಟ್‌ನ ಕಾನ್ಫಿಗರ್ ಹಂತವು ಅರ್ಧ ಸಾಮಗ್ರಿಯನ್ನು ಉಬುಂಟುವಿನಿಂದಲೂ ಉಳಿದರ್ಧವನ್ನು ಅನಕೊಂಡಾದಿಂದಲೂ ಎತ್ತಿಕೊಂಡರೆ, ಎರಡರ ಆವೃತ್ತಿಗಳು ಹೊಂದದೆ, ಜೋಡಣೆಯ ಹಂತದಲ್ಲಿ ಎಲ್ಲವೂ ಮುರಿದು ಬೀಳುತ್ತದೆ. ಪರಿಹಾರ ಹೀಗಿದೆ. ಅನಕೊಂಡಾದ ಕೊಂಡಾ ಪರಿಸರವನ್ನು ನಿಷ್ಕ್ರಿಯಗೊಳಿಸಿ, ಪಾತ್ ಎಂಬ ಪರಿಸರ ಚರದಲ್ಲಿ ಅದರ ಹೆಸರು ಉಳಿದಿಲ್ಲವೆಂದು ಕಣ್ಣಾರೆ ನೋಡಿಕೊಳ್ಳಿ. ಜಿಸಿಸಿ, ಜಿ++, ಜಿಫೋರ್ಟ್ರಾನ್, ಪರ್ಲ್, ಪೈಥಾನ್ 3 ಎಲ್ಲವೂ ಉಬುಂಟುವಿನವೇ ಆಗಿರಲಿ, ಮತ್ತು ಅವು ಎಲ್ಲಿವೆ ಎಂಬುದನ್ನು ಕಾನ್ಫಿಗರ್‌ಗೆ ಪರಿಸರ ಚರಗಳ ಮೂಲಕ ಸ್ಪಷ್ಟವಾಗಿ ತಿಳಿಸಿ. ಹಿಂದೆ ಬೇರೆ ಕೆಲಸಕ್ಕಾಗಿ ಹೊಂದಿಸಿಟ್ಟ ಕಂಪೈಲರ್ ಸೂಚನೆಗಳಿದ್ದರೆ ಅಳಿಸಿಬಿಡಿ. ರೀಡ್‌ಲೈನ್, ಎನ್‌ಕರ್ಸಸ್, ಕರ್ಲ್, ಎಕ್ಸ್ ವಿಂಡೋ ಇವುಗಳ ಸಾಮಾನ್ಯ ಪ್ಯಾಕೇಜುಗಳಿದ್ದರೆ ಸಾಲದು. ಹೆಸರಿನ ಕೊನೆಯಲ್ಲಿ ‘ಡೆವ್’ ಎಂದಿರುವ ಪ್ಯಾಕೇಜುಗಳೂ ಬೇಕು, ಏಕೆಂದರೆ ಕಂಪೈಲ್ ಮಾಡಲು ಬೇಕಾದ ಹೆಡರ್ ಕಡತಗಳು ಇರುವುದು ಅವುಗಳಲ್ಲೇ.

ಮುಖ್ಯವಾದ ಇನ್ನೊಂದು ಮಾತು. ಅರ್ಧಕ್ಕೆ ನಿಂತ ಕೋಶದಲ್ಲಿಯೇ ಮತ್ತೆ ಮೇಕ್ ಕೊಡಬೇಡಿ. ಹಳೆಯ ತಪ್ಪು ಲೈಬ್ರರಿಯ ಜೊತೆ ಕಂಪೈಲ್ ಆದ ತುಣುಕುಗಳು ಅಲ್ಲಿ ಉಳಿದಿರುತ್ತವೆ. ಆ ಕೋಶವನ್ನು ಪೂರ್ತಿ ಅಳಿಸಿ, ಮೂಲ ಸಂಕೇತದ ಸಂಪುಟವನ್ನು ಹೊಸದಾಗಿ ಬಿಚ್ಚಿ, ಹೆಸರಿನಲ್ಲಿ ಖಾಲಿ ಜಾಗವಿಲ್ಲದ ಕೋಶದಲ್ಲಿ, ನಿಮ್ಮ ಸಾಮಾನ್ಯ ಬಳಕೆದಾರ ಖಾತೆಯಿಂದಲೇ ಆರಂಭಿಸಿ. ರೂಟ್ ಅಧಿಕಾರದ ಅಗತ್ಯವಿಲ್ಲ. ಡೌನ್‌ಲೋಡ್ ಪುಟದಲ್ಲಿ ಪ್ರತಿಯೊಂದು ಉಪಗ್ರಹದ ಸಾಮಗ್ರಿಯನ್ನೂ ಆಯ್ದುಕೊಳ್ಳಬೇಕಿಲ್ಲ: ಸಾಮಾನ್ಯ ಎಫ್‌ಟೂಲ್ಸ್ ಮತ್ತು ಎಕ್ಸ್‌ಸ್ಪೆಕ್ ಸೇರಿದ ಕ್ಸನಾಡು ವಿಭಾಗದಿಂದ ಆರಂಭಿಸಿ, ಉಪಕರಣದ ಕೈಪಿಡಿ ಬೇರೆ ಏನನ್ನಾದರೂ ಕೇಳಿದ್ದರೆ ಅದನ್ನು ಸೇರಿಸಿಕೊಳ್ಳಿ. ಹೀಸಾಫ್ಟ್‌ನ ಇತ್ತೀಚಿನ ಆವೃತ್ತಿಗಳು ಕೊಂಡಾ ಪ್ಯಾಕೇಜಾಗಿಯೂ ದೊರೆಯುತ್ತವೆ. ಕಂಪೈಲ್ ಮಾಡುವ ತೊಡಕೇ ಬೇಡವೆನಿಸಿದರೆ ಅದಕ್ಕೆಂದೇ ಪ್ರತ್ಯೇಕ ಕೊಂಡಾ ಪರಿಸರವೊಂದನ್ನು ಸೃಷ್ಟಿಸಿ ಅದರಲ್ಲಿ ಹಾಕಿಕೊಳ್ಳಬಹುದು. ಎರಡು ದಾರಿಗಳನ್ನು ಬೆರೆಸುವುದು ಮಾತ್ರ ಬೇಡ.

ಪ್ರಶ್ನೆ: ಹೀಸಾಫ್ಟ್ ಯಾವ ದೋಷವೂ ಇಲ್ಲದೆ ಪೂರ್ಣಗೊಂಡಿತು. ಆದರೂ ಎಕ್ಸ್‌ಸ್ಪೆಕ್ ಎಂದು ಟೈಪಿಸಿದರೆ ಅಂಥ ಆದೇಶವೇ ಇಲ್ಲ ಎನ್ನುತ್ತದೆ. ಆರಂಭದ ಸ್ಕ್ರಿಪ್ಟನ್ನು ನಡೆಸಿದರೂ ಏನೂ ಬದಲಾಗಲಿಲ್ಲ. — ನಿವೃತ್ತ ಎಂಜಿನಿಯರೊಬ್ಬರು, ಮೈಸೂರು

ಉತ್ತರ: ನೀವು ಸ್ಕ್ರಿಪ್ಟನ್ನು ಒಂದು ಸ್ವತಂತ್ರ ಪ್ರೋಗ್ರಾಮಿನಂತೆ ನಡೆಸಿರಬೇಕು. ಹಾಗೆ ಮಾಡಿದಾಗ ಅದು ತನ್ನದೇ ಮರಿ ಶೆಲ್ಲಿನಲ್ಲಿ ಪರಿಸರ ಚರಗಳನ್ನೆಲ್ಲ ಹೊಂದಿಸುತ್ತದೆ, ಮುಗಿದ ಕ್ಷಣವೇ ಅವೆಲ್ಲ ಅಳಿದುಹೋಗುತ್ತವೆ. ಸ್ಕ್ರಿಪ್ಟಿನ ಹೆಸರಿಗಿಂತ ಮೊದಲು ಒಂದು ಚುಕ್ಕೆ ಮತ್ತು ಖಾಲಿ ಜಾಗವನ್ನು ಇಟ್ಟರೆ ಅಥವಾ ‘ಸೋರ್ಸ್’ ಎಂಬ ಆದೇಶವನ್ನು ಬಳಸಿದರೆ, ಅದೇ ಸ್ಕ್ರಿಪ್ಟು ನೀವು ಕುಳಿತಿರುವ ಶೆಲ್ಲಿನಲ್ಲಿಯೇ ನಡೆಯುತ್ತದೆ. ಅದಕ್ಕೂ ಮುಂಚೆ ‘ಹೆಡಾಸ್’ ಎಂಬ ಚರವು ಅನುಸ್ಥಾಪಿತ ಕೋಶವನ್ನು, ಅಂದರೆ ಯಂತ್ರದ ಬಗೆ ಮತ್ತು ಸಿ ಲೈಬ್ರರಿಯ ಆವೃತ್ತಿಯನ್ನು ಹೆಸರಿನಲ್ಲಿಯೇ ಹೊತ್ತಿರುವ ಆ ಉದ್ದ ಹೆಸರಿನ ಕೋಶವನ್ನು ತೋರಿಸಬೇಕೇ ಹೊರತು ಮೂಲ ಸಂಕೇತವಿರುವ ಕೋಶವನ್ನಲ್ಲ. ಈ ಎರಡು ಸಾಲುಗಳನ್ನು ‘ಹೀಇನಿಟ್’ ಎಂಬ ಅಡ್ಡಹೆಸರಿನಲ್ಲಿ ನಿಮ್ಮ ಬ್ಯಾಷ್ ಕಡತದಲ್ಲಿ ಬರೆದಿಟ್ಟುಕೊಂಡು, ಬೇಕಾದಾಗ ಮಾತ್ರ ಕರೆಯಿರಿ. ಪ್ರತಿ ಟರ್ಮಿನಲ್ಲಿನಲ್ಲೂ ತಾನಾಗಿ ನಡೆಯುವಂತೆ ಮಾಡಿದರೆ ಬೇರೆ ತಂತ್ರಾಂಶಗಳಿಗೆ ತೊಂದರೆಯಾಗಬಹುದು. ನಂತರ ‘ಎಫ್‌ವರ್ಷನ್’ ಎಂದು ಟೈಪಿಸಿದಾಗ ಆವೃತ್ತಿಯ ಸಂಖ್ಯೆ ಬಂದರೆ ದಾರಿ ಸರಿಯಾಗಿದೆ ಎಂದರ್ಥ.

ಅನುಸ್ಥಾಪಿತ ಕೋಶವನ್ನು ಆಮೇಲೆ ಬೇರೆಡೆಗೆ ಸರಿಸಬೇಡಿ. ಅದರ ವಿಳಾಸ ಹಲವು ಕಡತಗಳ ಒಳಗೆ ಅಚ್ಚಾಗಿರುತ್ತದೆ.

ಪ್ರಶ್ನೆ: ನಮ್ಮ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿರುವುದು ವಿಂಡೋಸ್ ಕಂಪ್ಯೂಟರುಗಳು ಮಾತ್ರ. ಅಂತರ್ಜಾಲ ನಿಧಾನ. ಲಿನಕ್ಸ್ ಇರುವ ಒಂದೇ ಯಂತ್ರಕ್ಕೆ ಎಲ್ಲ ವಿದ್ಯಾರ್ಥಿಗಳೂ ಒಂದೇ ಖಾತೆಯ ಹೆಸರಿನಲ್ಲಿ ಪ್ರವೇಶಿಸುತ್ತಾರೆ. ಇಂಥ ಸ್ಥಿತಿಯಲ್ಲಿ ಆಸ್ಟ್ರೋಸ್ಯಾಟ್ ದತ್ತಾಂಶದ ಪ್ರಯೋಗವನ್ನು ನಡೆಸಬಹುದೇ? — ಭೌತಶಾಸ್ತ್ರ ಅಧ್ಯಾಪಕರು, ಶಿವಮೊಗ್ಗ

ಉತ್ತರ: ಖಂಡಿತವಾಗಿ ನಡೆಸಬಹುದು, ನಡೆಸಲೇಬೇಕು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರದ ಭಂಡಾರದಿಂದ, ಹೆಸರು ನೋಂದಾಯಿಸಿಕೊಂಡ ಯಾರೇ ಆದರೂ, ಮೂಲ ಸಂಶೋಧಕರಿಗೆ ಮೀಸಲಾದ ಅವಧಿ ಮುಗಿದ ವೀಕ್ಷಣೆಗಳನ್ನು ಪಡೆಯಬಹುದು. 2018ರ ಸೆಪ್ಟೆಂಬರ್‌ನಿಂದಲೇ ಈ ಬಾಗಿಲು ತೆರೆದಿದೆ. ನಮ್ಮ ನೆಲಕ್ಕೇ ಇಳಿದು ಬರುವ ದತ್ತಾಂಶ ನಮ್ಮ ಪದವಿ ಕಾಲೇಜುಗಳನ್ನು ತಲಪದಿದ್ದರೆ ಅದು ನಿಜವಾದ ನಷ್ಟ.

ಹೀಸಾಫ್ಟ್ ವಿಂಡೋಸಿನಲ್ಲಿ ನೇರವಾಗಿ ನಡೆಯುವುದಿಲ್ಲ. ವಿಂಡೋಸಿನೊಳಗೇ ಉಬುಂಟುವನ್ನು ನಡೆಸುವ ಡಬ್ಲ್ಯುಎಸ್‌ಎಲ್ 2 ವ್ಯವಸ್ಥೆಯನ್ನು ಹಾಕಿಕೊಂಡರೆ, ಅದರಲ್ಲಿ ಲಿನಕ್ಸಿಗೆ ಹೇಳಿದ ವಿಧಾನವನ್ನೇ ಅನುಸರಿಸಬಹುದು. ವಿಂಡೋಸ್ 11ರಲ್ಲಿ ಎಕ್ಸ್‌ಸ್ಪೆಕ್‌ನ ಚಿತ್ರಗಳ ಕಿಟಕಿಗಳೂ ತೆರೆದುಕೊಳ್ಳುತ್ತವೆ. ಒಂದೇ ಎಚ್ಚರಿಕೆ: ತಂತ್ರಾಂಶವನ್ನೂ ದತ್ತಾಂಶವನ್ನೂ ಉಬುಂಟುವಿನ ಗೃಹಕೋಶದಲ್ಲಿ ಇಡಿ. ಸಿ ಡ್ರೈವಿನಲ್ಲಿಟ್ಟು ಅಲ್ಲಿಂದ ಓದಿಸಿದರೆ ಕೆಲಸ ಬಹಳ ನಿಧಾನವಾಗುತ್ತದೆ. ನಿಧಾನವಾದ ಅಂತರ್ಜಾಲದ ಬಗ್ಗೆ ಹೇಳುವುದಾದರೆ, ಮೂಲ ಸಂಪುಟ ಕೆಲವು ಗಿಗಾಬೈಟುಗಳಷ್ಟಿರುವುದರಿಂದ ಒಮ್ಮೆ ಇಳಿಸಿಕೊಂಡು, ಒಂದು ಯಂತ್ರದಲ್ಲಿ ಡಬ್ಲ್ಯುಎಸ್‌ಎಲ್‌ನ ಉಬುಂಟುವಿನಲ್ಲಿ ಎಲ್ಲವನ್ನೂ ಹೊಂದಿಸಿ, ಆ ಇಡೀ ಉಬುಂಟುವನ್ನು ಒಂದೇ ಕಡತವಾಗಿ ರಫ್ತು ಮಾಡಿ, ಪೆನ್‌ಡ್ರೈವಿನಲ್ಲಿ ಉಳಿದ ಯಂತ್ರಗಳಿಗೆ ಒಯ್ದು ಆಮದು ಮಾಡಿಕೊಳ್ಳಬಹುದು. ಪ್ರತಿ ಯಂತ್ರದಲ್ಲೂ ಕಂಪೈಲ್ ಮಾಡುವ ಅಗತ್ಯವಿರುವುದಿಲ್ಲ, ಮತ್ತು ಎಲ್ಲರ ಕೈಯಲ್ಲೂ ಒಂದೇ ಆವೃತ್ತಿ ಇರುತ್ತದೆ.

ನಿಮ್ಮ ಪತ್ರದಲ್ಲಿ ನೀವು ಸಮಸ್ಯೆಯೆಂದು ಎಣಿಸದೆ ಹೇಳಿದ ಒಂದು ಸಂಗತಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿತು. ಎಲ್ಲರೂ ಒಂದೇ ಖಾತೆಯನ್ನು ಬಳಸುವುದು ಹೀಸಾಫ್ಟ್‌ನಲ್ಲಿ ಅಪಾಯಕಾರಿ. ಅದರ ಪ್ರತಿಯೊಂದು ಆದೇಶವೂ ತನಗೆ ಕೊಟ್ಟ ಕಡತದ ಹೆಸರು, ಶಕ್ತಿಯ ಮಿತಿ, ಕಾಲದ ಅಂತರ ಮುಂತಾದ ಮೌಲ್ಯಗಳನ್ನು ಆ ಖಾತೆಯ ಗೃಹಕೋಶದಲ್ಲಿರುವ ‘ಪಿಫೈಲ್ಸ್’ ಎಂಬ ಉಪಕೋಶದಲ್ಲಿ ಬರೆದಿಡುತ್ತದೆ ಮತ್ತು ಮುಂದಿನ ಬಾರಿ ಅಲ್ಲಿಂದಲೇ ಓದುತ್ತದೆ. ಇಬ್ಬರು ವಿದ್ಯಾರ್ಥಿಗಳು ಒಂದೇ ಹೊತ್ತಿನಲ್ಲಿ ಒಂದೇ ಆದೇಶವನ್ನು ನಡೆಸಿದರೆ, ಒಬ್ಬರು ಕೊಟ್ಟ ಮೌಲ್ಯ ಇನ್ನೊಬ್ಬರ ಗಣನೆಯೊಳಗೆ ಸೇರಿಬಿಡಬಹುದು. ಆಗ ದೋಷದ ಸಂದೇಶ ಬರಲೇಬೇಕೆಂದಿಲ್ಲ. ಫಲಿತಾಂಶ ಬರುತ್ತದೆ, ಆದರೆ ತಪ್ಪಾಗಿರುತ್ತದೆ. ಆದ್ದರಿಂದ ಪ್ರತಿ ವಿದ್ಯಾರ್ಥಿಗೂ ಬೇರೆ ಖಾತೆ ಮಾಡಿಕೊಡಿ. ಅದು ಸಾಧ್ಯವಾಗದಿದ್ದರೆ, ಪ್ರತಿಯೊಬ್ಬರೂ ಟರ್ಮಿನಲ್ ತೆರೆದ ಮೇಲೆ ಪಿಫೈಲ್ಸ್ ಎಂಬ ಪರಿಸರ ಚರದ ಮೊದಲ ಭಾಗಕ್ಕೆ ತಮ್ಮದೇ ಕೋಶದ ಹೆಸರು ಕೊಡುವ ಸಾಲೊಂದನ್ನು ಕಡ್ಡಾಯ ಮಾಡಿ. ಹೀಸಾಫ್ಟ್‌ನ ಹೊಸ ಆವೃತ್ತಿಯನ್ನು ಹಾಕಿಕೊಂಡಾಗಲೂ ಹಳೆಯ ಪಿಫೈಲ್ಸ್ ಕೋಶವನ್ನು ಅಳಿಸುವುದು ಒಳ್ಳೆಯದು.

ಪ್ರಶ್ನೆ: ನನ್ನ ಆಸಕ್ತಿ ಇರುವುದು ಆಸ್ಟ್ರೋಸ್ಯಾಟ್‌ನ ದೂರದರ್ಶಕವಾದ ಯುವಿಐಟಿಯ ನೇರಳಾತೀತ ಚಿತ್ರಗಳಲ್ಲಿ ಮಾತ್ರ. ಅದಕ್ಕೂ ಇಷ್ಟೆಲ್ಲ ಬೇಕೇ? — ಹವ್ಯಾಸಿ ಖಗೋಳ ವೀಕ್ಷಕರು, ಬೆಂಗಳೂರು

ಉತ್ತರ: ಬೇಕಿಲ್ಲ. ಭಂಡಾರದಲ್ಲಿ ಸಂಸ್ಕರಿಸಿದ ಎರಡನೆಯ ಹಂತದ ಚಿತ್ರಗಳೇ ದೊರೆಯುತ್ತವೆ. ಅವನ್ನು ಡಿಎಸ್9 ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ನೋಡಬಹುದು. ಮೊದಲ ಹಂತದ, ಅಂದರೆ ಸಂಸ್ಕರಿಸದ ದತ್ತಾಂಶದಿಂದ ನೀವೇ ಚಿತ್ರವನ್ನು ರೂಪಿಸಬೇಕೆಂದರೆ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಸಿಸಿಡಿಲ್ಯಾಬ್ ಇದೆ, ಅದು ವಿಂಡೋಸಿನಲ್ಲಿಯೇ ನಡೆಯುತ್ತದೆ. ಸಮೀಪ ನೇರಳಾತೀತ ವಾಹಿನಿ 2018ರಲ್ಲಿ ಕೆಲಸ ನಿಲ್ಲಿಸಿರುವುದರಿಂದ, ಆ ನಂತರದ ವೀಕ್ಷಣೆಗಳಲ್ಲಿ ದೂರ ನೇರಳಾತೀತ ಚಿತ್ರಗಳನ್ನಷ್ಟೇ ನಿರೀಕ್ಷಿಸಿ.

ಪ್ರಶ್ನೆ: ನಾನೂ ನನ್ನ ಗೆಳೆಯನೂ ಒಂದೇ ವೀಕ್ಷಣೆಯ ಎಸ್‌ಎಕ್ಸ್‌ಟಿ ಮತ್ತು ಲ್ಯಾಕ್ಸ್‌ಪಿಸಿ ದತ್ತಾಂಶವನ್ನು ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಸಂಸ್ಕರಿಸಿದೆವು. ಇಬ್ಬರಿಗೂ ದೋಷಸಂದೇಶ ಬರಲಿಲ್ಲ, ಆದರೆ ಹರಿವು (ವಸ್ತುವಿನಿಂದ ನಮ್ಮನ್ನು ತಲಪುವ ಕ್ಷ-ಕಿರಣ ಶಕ್ತಿ) ಮತ್ತು ಹೈಡ್ರೋಜನ್ ಸ್ತಂಭ ಸಾಂದ್ರತೆ (ದಾರಿಯಲ್ಲಿ ಅಡ್ಡ ಬರುವ ಅನಿಲದ ಪ್ರಮಾಣ) ಎರಡೂ ಬೇರೆ ಬೇರೆ ಬಂದಿವೆ. ಯಾರ ಅನುಸ್ಥಾಪನೆ ಸರಿ ಎಂದು ತಿಳಿಯುವುದು ಹೇಗೆ? — ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

ಉತ್ತರ: ಇಬ್ಬರದೂ ಸರಿಯಿರಬಹುದು, ಮತ್ತು ಇಬ್ಬರೂ ಬೇರೆ ಬೇರೆ ಪ್ರಶ್ನೆಯನ್ನು ಕೇಳಿರಬಹುದು. ಕ್ಷ-ಕಿರಣ ಉಪಕರಣ ದಾಖಲಿಸುವುದು ಯಾವ ಚಾನೆಲ್ಲಿನಲ್ಲಿ ಎಷ್ಟು ಎಣಿಕೆ ಬಂತು ಎಂಬುದನ್ನು ಮಾತ್ರ. ಆಕಾಶದಲ್ಲಿರುವ ವಸ್ತು ಎಷ್ಟು ಶಕ್ತಿಯ ಎಷ್ಟು ಫೋಟಾನುಗಳನ್ನು ಕಳುಹಿಸಿತು ಎಂದು ಹೇಳಬೇಕಾದರೆ ಎರಡು ಕಡತಗಳು ಬೇಕು. ಇಂಥ ಶಕ್ತಿಯ ಫೋಟಾನು ಯಾವ ಯಾವ ಚಾನೆಲ್ಲಿನಲ್ಲಿ ಕಾಣಿಸಿಕೊಳ್ಳಬಹುದು ಎಂಬುದನ್ನು ಆರ್‌ಎಂಎಫ್ ಕಡತ ಹೇಳುತ್ತದೆ; ಆ ಶಕ್ತಿಯಲ್ಲಿ ದೂರದರ್ಶಕದ ಪರಿಣಾಮಕಾರಿ ವಿಸ್ತೀರ್ಣ ಎಷ್ಟು ಎಂಬುದನ್ನು ಎಆರ್‌ಎಫ್ ಕಡತ ಹೇಳುತ್ತದೆ. ಹೀಗಾಗಿ ಈ ಮಾಪನಾಂಕ ನಿರ್ಣಯದ ಕಡತಗಳೂ ಅನುಸ್ಥಾಪನೆಯ ಭಾಗವೇ. ಪ್ರೋಗ್ರಾಮು ತೆರೆದುಕೊಂಡಿತು ಎಂದ ಮಾತ್ರಕ್ಕೆ ಅನುಸ್ಥಾಪನೆ ಮುಗಿಯಿತೆಂದು ಭಾವಿಸುವುದು ಈ ಕ್ಷೇತ್ರದಲ್ಲಿ ಬಹಳ ಸಾಮಾನ್ಯವಾದ, ಬಹಳ ದುಬಾರಿಯಾದ ತಪ್ಪು ಎಂದು ನಾನು ದೃಢವಾಗಿ ನಂಬಿದ್ದೇನೆ.

ನಿಮ್ಮ ಹರಿವಿನ ವ್ಯತ್ಯಾಸಕ್ಕೆ ನಾನು ಮೊದಲು ಪರಿಶೀಲಿಸುವುದು ಎಸ್‌ಎಕ್ಸ್‌ಟಿಯಲ್ಲಿ ನೀವಿಬ್ಬರೂ ಆರಿಸಿಕೊಂಡ ವೃತ್ತದ ತ್ರಿಜ್ಯವನ್ನು. ಈ ದೂರದರ್ಶಕದ ಬಿಂಬದ ಅಂಚು ಬಹಳ ದೂರದವರೆಗೆ ಹರಡಿಕೊಳ್ಳುವುದರಿಂದ ಸುಮಾರು 15 ಕಲಾನಿಮಿಷ (ಕಾಲು ಡಿಗ್ರಿ) ತ್ರಿಜ್ಯದ ದೊಡ್ಡ ವೃತ್ತವನ್ನು ಬಳಸುವುದು ವಾಡಿಕೆ. ನಿಮ್ಮಲ್ಲೊಬ್ಬರು ಚಿಕ್ಕ ವೃತ್ತವನ್ನು ಬಳಸಿ, ದೊಡ್ಡ ವೃತ್ತಕ್ಕೆಂದು ಸಿದ್ಧಪಡಿಸಿದ ಎಆರ್‌ಎಫ್ ಕಡತವನ್ನೇ ಹಾಕಿದ್ದರೆ ಹರಿವು ಕಡಿಮೆ ಬಂದೇ ಬರುತ್ತದೆ. ವೃತ್ತಕ್ಕೆ ತಕ್ಕ ಎಆರ್‌ಎಫ್ ಸೃಷ್ಟಿಸುವ ಸಾಧನವನ್ನು ಎಸ್‌ಎಕ್ಸ್‌ಟಿ ತಂಡ ಒದಗಿಸಿದೆ. ಬಿಂಬ ಹೀಗೆ ಹರಡುವ ಕಾರಣಕ್ಕೇ ಹಿನ್ನೆಲೆಯನ್ನು ಅದೇ ಚಿತ್ರದ ಮೂಲೆಯಿಂದ ತೆಗೆಯದೆ, ತಂಡವು ಕೊಟ್ಟಿರುವ ಖಾಲಿ ಆಕಾಶದ ರೋಹಿತವನ್ನು ಬಳಸಬೇಕು. ಎರಡನೆಯದಾಗಿ, ಎಸ್‌ಎಕ್ಸ್‌ಟಿ ದತ್ತಾಂಶ ಕಕ್ಷೆಗೊಂದರಂತೆ ಬರುತ್ತದೆ ಮತ್ತು ಅಕ್ಕಪಕ್ಕದ ಕಕ್ಷೆಗಳ ಕಡತಗಳಲ್ಲಿ ಕೆಲವು ಘಟನೆಗಳು ಎರಡೂ ಕಡೆ ಇರುತ್ತವೆ. ಅವನ್ನು ಒಗ್ಗೂಡಿಸಲು ಜೂಲಿಯಾ ಭಾಷೆಯಲ್ಲಿ ಬರೆದ ಸಾಧನವೊಂದಿದೆ. ಅದಕ್ಕಾಗಿ ಜೂಲಿಯಾವನ್ನೂ ಹಾಕಿಕೊಳ್ಳಬೇಕು. ಆ ಕಷ್ಟ ಬೇಡವೆಂದು ಕಡತಗಳನ್ನು ಸುಮ್ಮನೆ ಜೋಡಿಸಿದವರ ಎಣಿಕೆಯಲ್ಲಿ ಒಂದೇ ಫೋಟಾನು ಎರಡು ಬಾರಿ ಸೇರಿರುತ್ತದೆ.

ಲ್ಯಾಕ್ಸ್‌ಪಿಸಿಯಲ್ಲಿ ಯಾವ ಘಟಕವನ್ನು ಬಳಸಿದಿರಿ ಎಂಬುದನ್ನು ನೋಡಿ. 10, 20, 30 ಎಂಬ ಹೆಸರಿನ ಮೂರು ಘಟಕಗಳಲ್ಲಿ 30ನೆಯದನ್ನು ಅನಿಲ ಸೋರಿಕೆಯ ತೊಂದರೆಯಿಂದಾಗಿ 2018ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. 10ನೆಯದರ ಗೇನ್ (ಫೋಟಾನಿನ ಶಕ್ತಿಗೂ ಚಾನೆಲ್ಲಿಗೂ ಇರುವ ಅನುಪಾತ) ಸ್ಥಿರವಾಗಿ ಉಳಿಯಲಿಲ್ಲ. ಆದ್ದರಿಂದ ರೋಹಿತದ ಕೆಲಸಕ್ಕೆ ಲ್ಯಾಕ್ಸ್‌ಪಿಸಿ 20 ಒಂದನ್ನೇ ನೆಚ್ಚಿಕೊಳ್ಳುವವರು ಹೆಚ್ಚು.

ಹೈಡ್ರೋಜನ್ ಸ್ತಂಭ ಸಾಂದ್ರತೆಯ ವ್ಯತ್ಯಾಸ ಮಾತ್ರ ಬೇರೆಯದೇ ಕಾರಣದಿಂದ ಬಂದಿರಬಹುದು. ಎಕ್ಸ್‌ಸ್ಪೆಕ್ ಅಂತರತಾರಾ ಅನಿಲದ ಹೀರಿಕೆಯನ್ನು ಲೆಕ್ಕ ಹಾಕುವಾಗ ಧಾತುಗಳ ಪ್ರಮಾಣದ ಕೋಷ್ಟಕವೊಂದನ್ನು ಬಳಸುತ್ತದೆ. ತಾನಾಗಿ ಬಿಟ್ಟರೆ ಅದು 1989ರ ಆಂಡರ್ಸ್ ಮತ್ತು ಗ್ರೆವೆಸ್ ಕೋಷ್ಟಕವನ್ನು ಎತ್ತಿಕೊಳ್ಳುತ್ತದೆ. ಅನೇಕ ಸಂಶೋಧಕರು ಅದರ ಬದಲು 2000ದ ವಿಲ್ಮ್ಸ್ ಮತ್ತು ಸಂಗಡಿಗರ ಕೋಷ್ಟಕವನ್ನು ಆರಿಸುತ್ತಾರೆ. ಎರಡನೆಯದರಲ್ಲಿ ಭಾರ ಧಾತುಗಳ ಪ್ರಮಾಣ ಕಡಿಮೆ, ಹಾಗಾಗಿ ಅಷ್ಟೇ ಹೀರಿಕೆಗೆ ಹೆಚ್ಚು ಹೈಡ್ರೋಜನ್ ಬೇಕೆಂದು ಉತ್ತರ ಬರುತ್ತದೆ. ಈ ಆಯ್ಕೆ ಗೃಹಕೋಶದ ಎಕ್ಸ್‌ಸ್ಪೆಕ್ ಆರಂಭಿಕ ಕಡತದಲ್ಲಿ ಅಡಗಿರುತ್ತದೆ. ಗೆಳೆಯನ ಯಂತ್ರದಲ್ಲಿ ಯಾರೋ ಹಿಂದೆ ಬದಲಿಸಿದ್ದರೆ ನಿಮಗಿಬ್ಬರಿಗೂ ತಿಳಿಯುವುದೇ ಇಲ್ಲ. ‘ಅಬಂಡ್’ ಎಂದು ಟೈಪಿಸಿ ಇಬ್ಬರೂ ನೋಡಿಕೊಳ್ಳಿ. ಎಸ್‌ಎಕ್ಸ್‌ಟಿ ರೋಹಿತಕ್ಕೆ ಗೇನ್ ತಿದ್ದುಪಡಿಯನ್ನು ಒಬ್ಬರು ಕೊಟ್ಟು ಇನ್ನೊಬ್ಬರು ಬಿಟ್ಟಿದ್ದೀರಾ ಎಂಬುದನ್ನೂ ನೋಡಿ.

ಯಾವ ಅನುಸ್ಥಾಪನೆ ಸರಿ ಎಂದು ತೀರ್ಮಾನಿಸಲು ಉತ್ತರ ಮೊದಲೇ ತಿಳಿದಿರುವ ವಸ್ತುವೊಂದನ್ನು ಇಬ್ಬರೂ ಪರೀಕ್ಷಿಸಿ. ಕಾಲಸಂಬಂಧಿ ಸಂಸ್ಕರಣೆಗೆ ಏಡಿ ನೀಹಾರಿಕೆಯ ಪಲ್ಸಾರಿಗಿಂತ ಒಳ್ಳೆಯದು ಇಲ್ಲ. ಭಂಡಾರದಿಂದ ಅದರ ಲ್ಯಾಕ್ಸ್‌ಪಿಸಿ ವೀಕ್ಷಣೆಯೊಂದನ್ನು ಇಳಿಸಿಕೊಂಡು, ಘಟನೆಗಳ ಕಡತವನ್ನು ರೂಪಿಸಿ, ಭೂಮಿಯ ಮರೆ ಮತ್ತು ದಕ್ಷಿಣ ಅಟ್ಲಾಂಟಿಕದ ವಿಕಿರಣ ವಲಯವನ್ನು ಹಾದ ಅವಧಿಗಳನ್ನು ತೆಗೆದುಹಾಕುವ ಸುಸಮಯ ಕಡತವನ್ನು ತಯಾರಿಸಿ, ಒಂದು ಮಿಲಿಸೆಕೆಂಡಿನ ಅಂತರದಲ್ಲಿ ಹೊಳಪಿನ ರೇಖೆಯನ್ನು ತೆಗೆದು, ಎಕ್ಸ್‌ರೋನೋಸ್‌ನ ‘ಪವ್‌ಸ್ಪೆಕ್’ ಆದೇಶಕ್ಕೆ ಕೊಡಿ. ಪಲ್ಸಾರು ಸೆಕೆಂಡಿಗೆ ಸುಮಾರು 30 ಬಾರಿ ತಿರುಗುವುದರಿಂದ 29.6 ಹರ್ಟ್ಜ್ ಸಮೀಪ ಚೂಪಾದ ಶಿಖರವೊಂದು ಕಾಣಬೇಕು. ಒಂದು ಸುತ್ತಿಗೆ ಎರಡು ಮಿಡಿತಗಳಿರುವ ಕಾರಣ 59 ಹರ್ಟ್ಜ್ ಬಳಿಯೂ ಎದ್ದು ಕಾಣುವ ಶಿಖರವಿರಬೇಕು. ಭೂಮಿಯ ಚಲನೆಯ ತಿದ್ದುಪಡಿಯನ್ನು ಮಾಡದಿದ್ದರೂ ಶಿಖರ ಸರಿಯುವುದು 0.003 ಹರ್ಟ್ಜ್‌ನ ಆಸುಪಾಸಿನಲ್ಲಿ ಮಾತ್ರ, ಆದ್ದರಿಂದ ಈ ಪರೀಕ್ಷೆಗೆ ಅದರ ಅಗತ್ಯವಿಲ್ಲ. ಇಬ್ಬರಿಗೂ ಶಿಖರ ಅದೇ ಜಾಗದಲ್ಲಿ ಬಂದರೆ ಘಟನೆಗಳ ಕಡತದವರೆಗಿನ ಸಂಸ್ಕರಣೆಯನ್ನು ನಂಬಬಹುದು. ಆಮೇಲೆ ಅದೇ ಏಡಿ ನೀಹಾರಿಕೆಯ ರೋಹಿತವನ್ನು ಹೊಂದಿಸಿ: ಘಾತ ನಿಯಮದ ಸೂಚಿ (ಶಕ್ತಿ ಹೆಚ್ಚಿದಂತೆ ಫೋಟಾನುಗಳು ಎಷ್ಟು ಬೇಗ ಕಡಿಮೆಯಾಗುತ್ತವೆ ಎಂಬುದರ ಅಳತೆ) 2.1ರ ಆಸುಪಾಸಿನಲ್ಲಿ ಬರಬೇಕು. ಶಿಖರ ಸರಿಬಂದು ಸೂಚಿ ದೂರ ಹೋದವರು ತಮ್ಮ ಆರ್‌ಎಂಎಫ್ ಕಡತ ಯಾವ ಘಟಕದ್ದು ಮತ್ತು ಹಿನ್ನೆಲೆ ಯಾವ ಕಾಲದ್ದು ಎಂಬುದನ್ನು ಮೊದಲು ನೋಡಿಕೊಳ್ಳಲಿ. ಆ ಎರಡು ಕಡತಗಳ ಹೆಸರು, ಹೀಸಾಫ್ಟ್ ಮತ್ತು ಲ್ಯಾಕ್ಸ್‌ಪಿಸಿ ತಂತ್ರಾಂಶದ ಆವೃತ್ತಿ, ಅಬಂಡ್ ಕೋಷ್ಟಕದ ಹೆಸರು ಇವಿಷ್ಟನ್ನು ಫಲಿತಾಂಶದ ಪಕ್ಕದಲ್ಲಿಯೇ ಬರೆದು ನನಗೆ ಕಳುಹಿಸಿದರೆ, ಉಳಿದ ವ್ಯತ್ಯಾಸವನ್ನು ಮುಂದಿನ ಸಂಚಿಕೆಯಲ್ಲಿ ಪರಿಶೀಲಿಸೋಣ.